ಒಂದೇ ಶಾಖ, ಎರಡು ಉಷ್ಣತೆ

ನೆರೂಳ
೧೨ ಜನವರಿ ೨೦೨೫, ಭಾನುವಾರ

ಪ್ರಿಯ ಅಕ್ಕು,

ನೀನು ಆರೋಗ್ಯವಾಗಿರುವೆಯೆಂದು ರತ್ನಾವತಿ ಫೋನಿನಲ್ಲಿ ತಿಳಿಸಿದಳು. ಇಲ್ಲಿ ನಾನೂ ನಿಶ್ಮಿತಾಳೂ ಕ್ಷೇಮ. ಬರೆಯುತ್ತೇನೆಂದು ಒಪ್ಪಿಕೊಂಡು ಇಷ್ಟು ತಡಮಾಡಿದ್ದಕ್ಕೆ ಬೇಸರಪಡಬೇಡ. ಬರೆದು ಹರಿದುಹಾಕಿದ್ದೂ ಉಂಟು. ಕಚೇರಿಯ ಟಿಪ್ಪಣಿಗಳನ್ನು ಬಿಟ್ಟು ಬೇರೇನನ್ನೂ ಬರೆಯದ ಕೈ ಇದು.

ನೆರೂಳಿನಿಂದ ಠಾಣೆ, ಠಾಣೆಯಿಂದ ಡೊಂಬಿವಲಿ. ಎರಡು ರೈಲು ಹತ್ತಿದರೆ ನಿನ್ನ ಅಕ್ಕ ರತ್ನಾವತಿಯ ಮನೆ. "ಪಪ್ಪಾ, ಇತಕ್ಯಾ ಜವಳ್ ಪತ್ರ ಕೋಣ್ ಪಾಠವ್ತಂ? ವಾಟ್ಸಾಪ್ ಕರಾ ನಾ," ಎಂದು ನಿಶ್ಮಿತಾ ನಕ್ಕಳು. ಇಷ್ಟು ಹತ್ತಿರಕ್ಕೆ ಅಂಚೆಯಲ್ಲಿ ಕಾಗದವೇ ಎಂದು ಅವಳಿಗೆ ಆಶ್ಚರ್ಯ. ನಿನ್ನ ಅಪ್ಪಣೆ ಹಾಗಿದೆಯೆಂದೆ.

ಅತ್ತೆಯ ಉತ್ತರಕ್ರಿಯೆ ಮುಗಿದ ಮೇಲೆ ನೀನು ಅಲ್ಲಿಯೇ ಉಳಿದೆ. ಮೊದಲು ಅದು ಸಹಜವೆಂದುಕೊಂಡೆ. ತಾಯಿಯನ್ನು ಕಳೆದುಕೊಂಡ ಅಕ್ಕತಂಗಿಯರು ಕೆಲವು ದಿನ ಜೊತೆಗಿರಬೇಕು. ಆಮೇಲೆ ನೀನು ಫೋನಿನಲ್ಲಿ ಹೇಳಿದ್ದನ್ನು ಹೇಳಿದಂತೆಯೇ ಇಲ್ಲಿ ಬರೆಯುತ್ತೇನೆ, ನಾನು ತಪ್ಪಾಗಿ ಕೇಳಿಸಿಕೊಂಡಿದ್ದರೆ ತಿದ್ದು.

"ಅಮ್ಮನ ಹತ್ರ ಸಂಜೆ ಸಂಜೆ ಕೂತು ಎಂತೆಂತದೋ ನ್ಯೂಟ್ರಾನ್ ಅಂತ ಮಾತಾಡ್ತಿದ್ರಿ. ನನ್ನ ಹತ್ರ ಬರೀ ಹೂಂ, ಹೂಂ. ಅಮ್ಮನಿಗೆ ಹೇಳಿದ್ದನ್ನಾದ್ರೂ ನನಗೆ ಬರೆದು ಕಳಿಸಿ. ಮತ್ತೆ ಆ ದಿನ ಅಮ್ಮನ ಬಾಯಿಗೆ ತುಳಸಿ ನೀರು ಬಿಡ್ಲಿಕ್ಕೆ ಕರೆದ್ರೆ ಫೋನ್ ಹಿಡ್ಕೊಂಡು ಬಾಗಿಲಲ್ಲೇ ನಿಂತ್ರಲ್ಲ, ಒಳಗೆ ಯಾಕೆ ಬರ್ಲಿಲ್ಲ? ಅದನ್ನೂ ಬರೀರಿ. ಅಷ್ಟು ಗೊತ್ತಾಗದೆ ನಾನು ಆ ಮನೆಗೆ ಬರುದಿಲ್ಲ."

ಎರಡು ಪ್ರಶ್ನೆಗಳು. ಮೊದಲನೆಯದು ಸುಲಭ, ಅದರಿಂದ ಆರಂಭಿಸುತ್ತೇನೆ.

ಅತ್ತೆಗೆ ನನ್ನ ಕೆಲಸದ ಬಗ್ಗೆ ಇದ್ದ ಕುತೂಹಲ ನನಗೇ ಸೋಜಿಗದ ಸಂಗತಿಯಾಗಿತ್ತು. ಮಲ್ಪೆಯವರಲ್ಲವೆ, ಎಲ್ಲವನ್ನೂ ಬಲೆಯ ಲೆಕ್ಕದಲ್ಲಿ ಕೇಳುತ್ತಿದ್ದರು. ಒಮ್ಮೆ ನಾನು, ನ್ಯೂಟ್ರಾನಿಗೆ ವಿದ್ಯುತ್ತಿನ ಗುಣವಿಲ್ಲ, ಆದ್ದರಿಂದ ಅದು ಯಾವ ಉಪಕರಣಕ್ಕೂ ಸುಳಿವು ಕೊಡದೆ ದಾಟಿಹೋಗುತ್ತದೆ, ಅದನ್ನು ಎಣಿಸುವುದೇ ನನ್ನ ಉದ್ಯೋಗ ಎಂದಿದ್ದೆ. ಅಂದಿನಿಂದ ನಾನು ಚಪ್ಪಲಿ ಬಿಡುವ ಮೊದಲೇ, "ಎಂತ ಶಶಿ, ಇವತ್ತು ಬಲೆಗೆ ಎಷ್ಟು ಬಿದ್ದದ್ದು?" ಎಂಬ ಪ್ರಶ್ನೆ ಬರುತ್ತಿತ್ತು. ಹತ್ತರಲ್ಲಿ ಏಳು ಎಂದರೆ, "ಉಳಿದ ಮೂರು?" ಎನ್ನುವರು. ಲೆಕ್ಕ ಹಾಕಿ ಸೇರಿಸುತ್ತೇವೆ ಎಂದರೆ ಜೋರಾಗಿ ನಗುವರು: "ಹಿಡಿಯದ ಮೀನಿಗೂ ಕ್ರಯ ಕಟ್ಟುವವ ನೀನೊಬ್ಬನೇ ಮಾರಾಯ!"

ಅವರಿಗೆ ಹೇಳುತ್ತಿದ್ದುದು ಇದು. ಪರಮಾಣುವಿನ ನಡುವೆ ನ್ಯೂಕ್ಲಿಯಸ್ ಇದೆ. ಅದರೊಳಗೆ ಪ್ರೋಟಾನುಗಳು ಮತ್ತು ನ್ಯೂಟ್ರಾನುಗಳು ಒತ್ತಾಗಿ ಸೇರಿಕೊಂಡಿವೆ. ಸತುವಿನ ನ್ಯೂಕ್ಲಿಯಸ್ಸನ್ನೇ ತೆಗೆದುಕೊ. ಪ್ರೋಟಾನುಗಳು ಯಾವಾಗಲೂ ಮೂವತ್ತು. ನ್ಯೂಟ್ರಾನುಗಳು ಮಾತ್ರ ಒಂದು ಬಗೆಯ ಸತುವಿನಲ್ಲಿ ಮೂವತ್ತನಾಲ್ಕು, ಇನ್ನೊಂದರಲ್ಲಿ ನಲವತ್ತು. ಹೊರಗಿನಿಂದ ಎರಡೂ ಸತುವೇ. ಇಂಥ ನ್ಯೂಕ್ಲಿಯಸ್ಸುಗಳನ್ನು ವೇಗವಾಗಿ ಓಡಿಸಿ ಒಂದಕ್ಕೊಂದು ಡಿಕ್ಕಿ ಹೊಡೆಸಿದರೆ ಅವು ಕಾಯುತ್ತವೆ. ಎಷ್ಟು ಕಾಯುತ್ತವೆಯೆಂದರೆ, ಸೂರ್ಯನ ಒಡಲಿನ ಉಷ್ಣತೆಯ ಸುಮಾರು ನಾಲ್ಕು ಸಾವಿರ ಪಟ್ಟು. ಅಷ್ಟು ಕಾದದ್ದು ಉಳಿಯುವುದಿಲ್ಲ, ಚೂರುಚೂರಾಗಿ ಸಿಡಿಯುತ್ತದೆ.

ನಮ್ಮ ಪ್ರಶ್ನೆ: ಎರಡು ಬಗೆಯ ನ್ಯೂಕ್ಲಿಯಸ್ಸುಗಳಿಗೆ ಒಂದೇ ಪ್ರಮಾಣದ ಶಾಖ ಕೊಟ್ಟರೆ, ನ್ಯೂಟ್ರಾನ್ ಹೆಚ್ಚಿರುವುದೂ ಕಡಿಮೆಯಿರುವುದೂ ಒಂದೇ ಉಷ್ಣತೆಗೆ ಏರುತ್ತವೆಯೆ?

ಇದಕ್ಕೆ ಥರ್ಮಾಮೀಟರ್ ಅದ್ದಲು ಬರುವುದಿಲ್ಲ. ಅದ್ದುವ ವಸ್ತುವೇ ಕಣ್ಣುಮಿಟುಕಿಸುವುದಕ್ಕಿಂತ ಎಷ್ಟೋ ಕೋಟಿ ಕೋಟಿ ಪಾಲು ಬೇಗ ಇಲ್ಲವಾಗುತ್ತದೆ. ಸಿಡಿದ ಚೂರುಗಳನ್ನು ಹಿಡಿದು, ಅವು ಎಷ್ಟು ರಭಸದಿಂದ ಹಾರಿವೆಯೆಂದು ನೋಡಿ, ಕಾದದ್ದು ಎಷ್ಟಿತ್ತೆಂದು ಹಿಂದಕ್ಕೆ ಲೆಕ್ಕ ಹಾಕಬೇಕು. ನೀನು ಒಗ್ಗರಣೆಯ ಸಾಸಿವೆ ಹಾರುವ ರಭಸ ನೋಡಿಯೇ ಎಣ್ಣೆ ಎಷ್ಟು ಕಾದಿದೆಯೆಂದು ಹೇಳುವುದಿಲ್ಲವೆ, ಹಾಗೆ.

ಪ್ರಯೋಗ ನಡೆದದ್ದು ಹೊರದೇಶದ ವೇಗವರ್ಧಕವೊಂದರಲ್ಲಿ. ದತ್ತಾಂಶವನ್ನು ಹಲವು ಗುಂಪುಗಳು ಹಂಚಿಕೊಂಡಿವೆ; ನ್ಯೂಟ್ರಾನುಗಳ ಎಣಿಕೆ ನಮ್ಮ ಪಾಲಿಗೆ ಬಂದಿದೆ. ನಮ್ಮಲ್ಲಿ ಹಿತೇಶ ಎಂಬ ಸಂಶೋಧನ ವಿದ್ಯಾರ್ಥಿ ಇದ್ದಾನಲ್ಲ, ಕಲ್ಯಾಣದಿಂದ ಬರುವವನು, ನಮ್ಮ ಮನೆಗೆ ಬಂದಾಗ ಅತ್ತೆಯ ಕೈಯ ನೀರುದೋಸೆ ತಿಂದು ಎದ್ದೇಳಲಾರದೆ ಕುಳಿತವನು. ಅವನು ಒಂದು ವರ್ಷ ಈ ಲೆಕ್ಕದ ಮೇಲೆ ಕುಳಿತ. ಹಗುರ ಸತುವಿನ ಡಿಕ್ಕಿಗಳು ಒಂದು ರಾಶಿ, ಭಾರ ಸತುವಿನವು ಇನ್ನೊಂದು, ಹೋಲಿಕೆಗೆ ಬಳಸಿದ ನಿಕಲ್ ಲೋಹದವು ಮತ್ತೊಂದು. ಮೂರು ರಾಶಿಗಳಲ್ಲೂ ಉಷ್ಣತೆ ಹೆಚ್ಚುಕಡಿಮೆ ಒಂದೇ. "ಸರ್, ಇಸ್ ಮೇಂ ಕುಛ್ ಹೈ ಹೀ ನಹೀಂ," ಎಂದು ಕೈಚೆಲ್ಲಿದ. ಏನೂ ಇಲ್ಲ ಎಂಬುದೂ ಒಂದು ಫಲಿತಾಂಶವೇ ಎಂದು ನಾನು ಸಮಾಧಾನ ಹೇಳಿದೆ. ಅವನಿಗೆ ಸಮಾಧಾನವಾಗಲಿಲ್ಲ. ನನಗೂ ಆಗಿರಲಿಲ್ಲ.

ತಪ್ಪು ರಾಶಿ ಹಾಕಿದ ಕ್ರಮದಲ್ಲಿತ್ತು. ಯಾವುದು ಎಲ್ಲಿಂದ ಹೊರಟಿತು ಎಂಬುದರ ಮೇಲೆ ನಾವು ಅವುಗಳನ್ನು ವಿಂಗಡಿಸಿದ್ದೆವು. ಆದರೆ ಡಿಕ್ಕಿಯಲ್ಲಿ ಕೊಡುಕೊಳ್ಳುವಿಕೆ ನಡೆಯುತ್ತದೆ. ಭಾರ ಸತುವಾಗಿ ಹೊರಟದ್ದು ನ್ಯೂಟ್ರಾನುಗಳನ್ನು ಕಳೆದುಕೊಂಡು ಕಾದಿರಬಹುದು, ಹಗುರ ಸತು ಪಡೆದುಕೊಂಡು ಕಾದಿರಬಹುದು. ನೋಡಬೇಕಾದದ್ದು ಕಾದ ಗಳಿಗೆಯಲ್ಲಿ ಅದರೊಳಗೆ ಏನಿತ್ತು ಎಂಬುದನ್ನು. ಈ ಮಾತು ಹೊಸದೇನಲ್ಲ. ಹತ್ತು ವರ್ಷಗಳಿಗೂ ಹಿಂದೆ ಬೇರೆಯವರು ಹೀಗೆ ವಿಂಗಡಿಸಿ ನೋಡಿದ್ದಾರೆ. ನಾವು ಅದನ್ನು ಓದಿಯೂ ಇದ್ದೆವು. ಓದಿದ ಮೇಲೂ ಹಳೆಯ ಅಭ್ಯಾಸದಂತೆ ಮೂರು ರಾಶಿ ಹಾಕಿದೆವು. ನಮ್ಮ ಮದುವೆಯಲ್ಲಿ ನಿನ್ನ ದೊಡ್ಡಪ್ಪ ನನ್ನ ಹೆಸರು ಕೇಳುವ ಮೊದಲು ಜಿಲ್ಲೆ ಕೇಳಿ, "ಓ, ಘಟ್ಟದ ಮೇಲಿನವರಾ," ಎಂದು ಮುಂದೆ ಹೋದರಲ್ಲ, ಅಷ್ಟೇ ಸಹಜವಾಗಿ.

ಹಿತೇಶ ಸಿಡಿದ ಚೂರುಗಳನ್ನೂ ನನ್ನ ನ್ಯೂಟ್ರಾನುಗಳನ್ನೂ ಕೂಡಿಸಿ ಒಂದೊಂದು ನ್ಯೂಕ್ಲಿಯಸ್ಸನ್ನೂ ಮತ್ತೆ ಕಟ್ಟಿದ. ಹೊರಟ ಜಾಗ ಮರೆತು, ಒಳಗಿದ್ದುದರ ಮೇಲೆ ವಿಂಗಡಿಸಿದ. ಈಗ ಗ್ರಾಫಿನಲ್ಲಿ ಗೆರೆಗಳು ಬೇರೆಬೇರೆಯಾಗಿ ನಿಂತವು. ಶಾಖ ಒಂದೇ ಇದ್ದಾಗ, ನ್ಯೂಟ್ರಾನಿನ ಪಾಲು ಹೆಚ್ಚಿದ್ದಷ್ಟೂ ಉಷ್ಣತೆ ಕಡಿಮೆ.

ಏಕೆ? ಅದರ ಬಗ್ಗೆ ಇನ್ನೂ ಚರ್ಚೆಯಿದೆ. ನಾನು ನಿಶ್ಚಯವಾಗಿ ಹೇಳಲಾರೆ. ಉಷ್ಣತೆಯೆಂದರೆ ಶಾಖದ ಮೊತ್ತವಲ್ಲ, ಆ ಶಾಖ ಒಳಗೆ ಹೇಗೆ ಹಂಚಿಹೋಗಿದೆ ಎಂಬುದರ ಗುರುತು ಎಂಬಷ್ಟು ಮಾತ್ರ ಖಚಿತ.

ಎರಡನೆಯ ಪ್ರಶ್ನೆಗೆ ಇಂದು ಹಾಳೆ ಸಾಲದು. ನಿನ್ನ ಮೊಣಕಾಲಿನ ಎಣ್ಣೆ ಇಲ್ಲಿಯೇ ಉಳಿದಿತ್ತು. ರತ್ನಾವತಿಯ ಮಗ ಬಂದಾಗ ಕಳಿಸಿದ್ದೇನೆ. ಚಳಿಗೆ ಹಚ್ಚಿಕೊ.

ಇಂತಿ ನಿನ್ನ,
ಶಶಿಕಾಂತ


ನೆರೂಳ
೨೬ ಜನವರಿ ೨೦೨೫, ಭಾನುವಾರ

ಪ್ರಿಯ ಅಕ್ಕು,

ಕಾಗದಕ್ಕೆ ಉತ್ತರವಾಗಿ ನೀನು ಧ್ವನಿಸಂದೇಶ ಕಳಿಸಿದೆ. ಅದನ್ನು ಹಲವು ಸಲ ಕೇಳಿದೆ. ಹಿಂದಿನಿಂದ ರತ್ನಾವತಿಯ ಮಿಕ್ಸರಿನ ಸದ್ದೂ ಅವಳ ನಗುವೂ ಇತ್ತು. ನೀವಿಬ್ಬರೂ ಸೇರಿ ನನ್ನ ಪತ್ರ ಓದಿದ್ದೀರೆಂದು ಅದರಿಂದ ಊಹಿಸಿದೆ. ಉತ್ತರಕ್ಕೆ ಮತ್ತೆ ತಡವಾಯಿತು. ಹಿತೇಶನ ವರದಿಯ ದಿನ ಹತ್ತಿರ ಬಂದಿತ್ತೆಂಬ ಕಾರಣ ಅರ್ಧ ನಿಜ.

"ಅಂದ್ರೆ ನೀವು ನ್ಯೂಟ್ರಾನ್ ಜಾಸ್ತಿ ಇರುವ ಜನ, ಒಳಗೆ ಬೆಂಕಿ ಉಂಟು, ಮೇಲೆ ಮಾತ್ರ ತಣ್ಣಗೆ, ಅಂತ ಹೇಳ್ಲಿಕ್ಕೆ ಇಷ್ಟುದ್ದ ಬರೆದದ್ದಾ? ಚಂದ ಉಂಟು!" ಎಂದೆಯಲ್ಲ, ಅದಕ್ಕೆ ನನ್ನ ಆಕ್ಷೇಪವಿದೆ. ನಾನು ಹಾಗೆ ಬರೆದಿಲ್ಲ, ಆ ಉದ್ದೇಶವೂ ಇರಲಿಲ್ಲ. ನ್ಯೂಕ್ಲಿಯಸ್ಸಿಗೆ ಅತ್ತೆಯೂ ಇಲ್ಲ, ಹೆಂಡತಿಯೂ ಇಲ್ಲ. ಮನುಷ್ಯನಿಗೆ ಆ ಹೋಲಿಕೆ ಹೊಂದುವುದಿಲ್ಲ. ನೀನು ಕೇಳಿದೆಯೆಂದು, ಅತ್ತೆಗೆ ಹೇಳಿದ್ದನ್ನು ಹೇಳಿದಂತೆ ಬರೆದೆ, ಅಷ್ಟೇ.

ಆದರೆ ಅದರ ಮುಂದೆ ನೀನು ಕೇಳಿದ್ದು ನನ್ನನ್ನು ಕುರ್ಚಿಯಿಂದ ಎಬ್ಬಿಸಿತು. "ಎರಡಕ್ಕೂ ಒಂದೇ ಶಾಖ ಸಿಕ್ಕಿದೆ ಅಂತ ನಿಮಗೆ ಹೇಗೆ ಗೊತ್ತು? ನ್ಯೂಟ್ರಾನ್ ಹೋಗುವಾಗ ಶಾಖವನ್ನು ಹೊತ್ಕೊಂಡು ಹೋಗುದಿಲ್ವಾ? ನೀವು ಹತ್ತರಲ್ಲಿ ಮೂರನ್ನು ನೋಡುವುದೇ ಇಲ್ಲ. ಕಾಣದ ಮೂರು ಎಷ್ಟು ಕೊಂಡೋಯ್ತು ಅಂತ ಯಾರಿಗೆ ಗೊತ್ತು?"

ಇದೇ ಪ್ರಶ್ನೆಯನ್ನು ನಮ್ಮ ವಿಭಾಗದ ಸಭೆಯಲ್ಲಿ ಹಿರಿಯರೊಬ್ಬರು ಹಿತೇಶನಿಗೆ ಕೇಳಿದ್ದರು, ಅವನು ಬೆವತಿದ್ದ. ಸೋಮವಾರ ಅವನಿಗೆ, "ನನ್ನ ಮನೆಯವರೂ ಇದನ್ನೇ ಕೇಳಿದ್ದಾರೆ," ಎಂದೆ. ಅವನು ನನ್ನ ಮುಖ ನೋಡಿ, "ಅಕ್ಕು ಆಂಟಿ? ಸರ್, ಉನ್ ಕೋ ಕಮಿಟೀ ಮೇಂ ಮತ್ ಬುಲಾನಾ," ಎಂದು ಕೈಮುಗಿದ. ಪರೀಕ್ಷಕರ ಸಮಿತಿಗೆ ನಿನ್ನನ್ನು ಕರೆಯಬಾರದಂತೆ.

ನಿನ್ನ ಸಂಶಯ ಸರಿಯಾದದ್ದು. ನ್ಯೂಟ್ರಾನ್ ಹೊರಹೋಗುವಾಗ ಶಾಖವನ್ನು ಕೊಂಡೊಯ್ಯುತ್ತದೆ. ಅದನ್ನು ಹಿಡಿಯುವ ನಮ್ಮ ತೊಟ್ಟಿ ದೊಡ್ಡದು, ಒಳಗೆ ವಿಶೇಷವಾದ ದ್ರವ. ನ್ಯೂಟ್ರಾನ್ ಅದರಲ್ಲಿ ಅಲೆದಾಡಿ, ವೇಗ ಕಳೆದುಕೊಂಡು, ಕೊನೆಗೆ ಒಂದು ಕಡೆ ಸಿಕ್ಕಿಬಿದ್ದಾಗ ಸಣ್ಣ ಮಿಂಚು ಕಾಣುತ್ತದೆ. ಕೆಲವು ಸಿಕ್ಕಿಬೀಳದೆ ಹೋಗುತ್ತವೆ. ಎಣಿಕೆಯಲ್ಲಿ ಅವು ತಪ್ಪಿದರೆ ನಮಗೆ ಎರಡು ಕಡೆ ಏಟು: ನ್ಯೂಕ್ಲಿಯಸ್ಸಿನೊಳಗೆ ಏನಿತ್ತು ಎಂಬುದೂ ತಪ್ಪುತ್ತದೆ, ಎಷ್ಟು ಶಾಖವಿತ್ತು ಎಂಬುದೂ ತಪ್ಪುತ್ತದೆ. ಹಾಗಾದರೆ ನಾವು ಕಂಡ ಆ ಚಂದದ ಗೆರೆಗಳು ನ್ಯೂಕ್ಲಿಯಸ್ಸಿನವೋ, ನನ್ನ ತೊಟ್ಟಿಯ ದೋಷದವೋ?

ಇದನ್ನು ತಿಳಿಯಲು ನಾನು ಬೇಕೆಂದೇ ತಪ್ಪು ಮಾಡಿದೆ. ಹತ್ತರಲ್ಲಿ ಏಳರ ಬದಲು ಆರು ಸಿಗುತ್ತವೆಯೆಂದು ಲೆಕ್ಕಕ್ಕೆ ಸುಳ್ಳು ಹೇಳಿದೆ. ಆಮೇಲೆ ಎಂಟು ಎಂದೆ. ಹಿತೇಶನಿಗೆ ಹೇಳದೆ ಮೂರನ್ನೂ ಅವನ ಮುಂದಿಟ್ಟು, ಯಾವುದು ನಿಜವಾದ ಎಣಿಕೆ, ಗುರುತಿಸು ಎಂದೆ. ಬಹಳ ಹೊತ್ತು ನೋಡಿ ಅವನು ತಪ್ಪಾದ ಒಂದನ್ನು ಆರಿಸಿದ. ನನಗೆ ಅಷ್ಟು ಸಂತೋಷವಾಗಿ ಎಷ್ಟು ಕಾಲವಾಗಿತ್ತೋ. ಗೆರೆಗಳು ಸ್ವಲ್ಪ ಸರಿದಿದ್ದವು, ಓರೆ ಕೊಂಚ ಬದಲಾಗಿತ್ತು. ಆದರೆ ಮೂರರಲ್ಲೂ ನ್ಯೂಟ್ರಾನ್ ಹೆಚ್ಚಿದ್ದುದೇ ತಣ್ಣಗಿತ್ತು. ನನ್ನ ದೋಷ ಅಳತೆಯನ್ನು ಅಲುಗಿಸಬಲ್ಲದು, ಇಲ್ಲದ್ದನ್ನು ಹುಟ್ಟಿಸಲಾರದು.

ಇನ್ನೂ ಒಂದು ಸಂಶಯ ಉಳಿದಿದೆ, ನೀನು ಕೇಳುವ ಮೊದಲೇ ಬರೆಯುತ್ತೇನೆ. ಡಿಕ್ಕಿಯ ಮೊದಲ ಗಳಿಗೆಯಲ್ಲಿ, ಶಾಖ ಎಲ್ಲೆಡೆ ಹರಡುವುದಕ್ಕೂ ಮುಂಚೆ, ಹಾರಿಹೋಗುವ ನ್ಯೂಟ್ರಾನುಗಳು ಇರುತ್ತವೆ. ತೊಟ್ಟಿಯಲ್ಲಿ ಅವೂ ಬಂದು ಬೀಳುತ್ತವೆ. ಯಾವುದು ಮೊದಲು ಹೊರಟದ್ದು, ಯಾವುದು ಕಾದು ಹೊರಟದ್ದು ಎಂದು ಬೇರ್ಪಡಿಸುವುದು ಹೇಗೆ? ಮುಂದಿನ ವರ್ಷ ಇದರಲ್ಲಿಯೇ ಕಳೆಯುತ್ತದೆಂದು ತೋರುತ್ತದೆ.

ಮನೆಯ ಸುದ್ದಿ. ನಿಶ್ಮಿತಾಳ ಕಾಲೇಜಿನಲ್ಲಿ ಪರೀಕ್ಷೆ ಮುಂದೆ ಹೋಗಿದೆ. ಸಂಕ್ರಾಂತಿಗೆ ಮೇಲಿನ ಮನೆಯ ಕುಲಕರ್ಣಿ ಬಾಯಿ ಬಂದರು. ನಮಗೆ ಈ ವರ್ಷ ಹಬ್ಬವಿಲ್ಲವೆಂದು ಗೊತ್ತಿದ್ದೂ, ಮಗಳ ಕೈಗೆ ಒಂದಿಷ್ಟು ಎಳ್ಳುಂಡೆ ಕೊಟ್ಟು, ರೂಢಿಯಂತೆ, "ತಿಳಗುಳ್ ಘ್ಯಾ, ಗೋಡ್ ಗೋಡ್ ಬೋಲಾ," ಎಂದರು. ಸಿಹಿಸಿಹಿಯಾಗಿ ಮಾತಾಡಿ ಎಂಬುದಕ್ಕೆ ನಿನ್ನ ಮಗಳು, "ಕಾಕೂ, ಪಪ್ಪಾಂನಾ ಆಧೀ ಬೋಲೂ ದ್ಯಾ, ಗೋಡ್ ನಂತರ್," ಎಂದುಬಿಟ್ಟಳು. ಮೊದಲು ಅಪ್ಪ ಬಾಯಿಬಿಡಲಿ, ಸಿಹಿಯ ಮಾತು ಆಮೇಲೆ, ಎಂದು. ಕುಲಕರ್ಣಿ ಬಾಯಿ ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡರು. ನಾನೂ ನಕ್ಕೆ. ಅವರು ಹೋದ ಮೇಲೆ ನಿಶ್ಮಿತಾ ನನ್ನ ಪಕ್ಕ ಕುಳಿತು, ಅಪರೂಪಕ್ಕೆ ಕನ್ನಡದಲ್ಲಿ, ಸಿಟ್ಟು ಎಂಬುದಕ್ಕೆ ಮಾತ್ರ ಮರಾಠಿಯ ಪದ ಬಳಸಿ, "ಪಪ್ಪಾ, ಅಜ್ಜಿ ಹೋದಾಗ ನೀವು ಅಳಲಿಲ್ಲ ಅಂತ ಮಮ್ಮಿಗೆ ರಾಗ್ ಇಲ್ಲ. ನೀವು ಬರಲೇ ಇಲ್ಲ ಒಳಗೆ. ಅದು," ಎಂದಳು.

ನಿನ್ನ ಸಂದೇಶದ ಕೊನೆಯಲ್ಲೂ ಅದೇ ಇತ್ತು: "ಎರಡನೇ ಪ್ರಶ್ನೆ ಎಲ್ಲಿಗೆ ಹೋಯ್ತು? ಅದಕ್ಕೂ ತೊಟ್ಟಿ ಬೇಕಾ?"

ಆ ಬೆಳಿಗ್ಗೆ ನಾನು ಮಾಡಿದ್ದೆಲ್ಲ ನಿನಗೆ ತಿಳಿದಿದೆ. ಡಾಕ್ಟರರನ್ನು ಕರೆತಂದದ್ದು, ಪ್ರಮಾಣಪತ್ರ ಪಡೆದದ್ದು, ಸೊಸೈಟಿಯ ಗೇಟಿನಲ್ಲಿ ನಿಂತ ಟೆಂಪೊ ತೆಗೆಸಿದ್ದು, ಲಿಫ್ಟಿನಲ್ಲಿ ಹಿಡಿಸುವುದಿಲ್ಲವೆಂದು ಮೆಟ್ಟಿಲಿನ ದಾರಿ ತೆರವು ಮಾಡಿಸಿದ್ದು, ಶವವಾಹನದವನೊಂದಿಗೆ ಮಾತಾಡಿದ್ದು. ಇವುಗಳನ್ನು ಯಾರಾದರೂ ಮಾಡಲೇಬೇಕಿತ್ತು ಎಂದು ನಾನು ವಾದಿಸಬಹುದು. ಹಾಗೆ ವಾದಿಸಿದರೆ ಅದು ಉತ್ತರವಾಗುವುದಿಲ್ಲವೆಂದು ನಿನಗಿಂತ ಚೆನ್ನಾಗಿ ನನಗೆ ಗೊತ್ತು. ನೀರು ಬಿಡಲು ನೀನು ಕರೆದದ್ದು ನನಗೆ ಕೇಳಿಸಿತು. ರತ್ನಾವತಿ ಕರೆದದ್ದೂ ಕೇಳಿಸಿತು.

ಬಿಸಿಲು ಏರುತ್ತಿದೆ. ಇಂದು ಗಣರಾಜ್ಯೋತ್ಸವ, ಕೆಳಗೆ ಮಕ್ಕಳ ಹಾಡು ಮುಗಿದು ವಡಾಪಾವ್ ಹಂಚುತ್ತಿದ್ದಾರೆ. ನಿಶ್ಮಿತಾ ನನಗೂ ಒಂದು ತರಲು ಹೋಗಿದ್ದಾಳೆ. ರತ್ನಾವತಿಗೂ ಅವಳ ಮನೆಯವರಿಗೂ ನನ್ನ ನಮಸ್ಕಾರ ತಿಳಿಸು; ಮಕ್ಕಳಿಗೆ ಆಶೀರ್ವಾದ. ನಿನ್ನ ಮೊಣಕಾಲು ಗುಣವಾಗಲಿ, ನಿದ್ರೆ ಚೆನ್ನಾಗಿ ಬರಲಿ, ಮನಸ್ಸಿಗೆ ದೇವರು ನೆಮ್ಮದಿ ಕೊಡಲಿ.

ಇಂತಿ ನಿನ್ನ,
ಶಶಿಕಾಂತ

ಮ.ವಿ.: ಇದನ್ನು ಸಹಿಯ ಮೇಲೆ ಬರೆಯಲು ಆಗಲಿಲ್ಲ.

ನನ್ನ ಅವ್ವ ತೀರಿಕೊಂಡಾಗ ನಾನು ಇಲ್ಲಿ ತರಬೇತಿಯಲ್ಲಿದ್ದೆನೆಂಬುದಷ್ಟೇ ನಿನಗೆ ಗೊತ್ತು. ಹಾಸ್ಟೆಲಿನ ಫೋನಿಗೆ ಸುದ್ದಿ ಬಂದು, ಬಸ್ಸು ಹಿಡಿದು, ಗದಗ ದಾಟಿ ಊರು ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ನಮ್ಮಲ್ಲಿ ಹೂಳುತ್ತಾರೆ; ಹೆಚ್ಚು ಹೊತ್ತು ಇಟ್ಟುಕೊಳ್ಳುವುದಿಲ್ಲ. ಚಂದವ್ವ ಚಿಗವ್ವ ನನ್ನನ್ನು ಹೊಲದ ಬದುವಿಗೆ ಕರೆದೊಯ್ದು ಹಸಿ ಮಣ್ಣು ತೋರಿಸಿ, "ತಡಾ ಆತಲ್ಲೋ ತಮ್ಮಾ, ನಿಮ್ಮವ್ವನ ಮಾರಿ ನೋಡ್ಲಾಕ ನಿನಗ ಸಿಗಲಿಲ್ಲ," ಎಂದು ಅತ್ತಳು. ಎಲ್ಲರೂ ಅದನ್ನೇ ಹೇಳಿ ಅತ್ತರು. ನಾನು ಅಳಲಿಲ್ಲ. ನೋಡಲಿಲ್ಲವಾದ್ದರಿಂದ ನನ್ನ ಪಾಲಿಗೆ ಅವ್ವ ಹೋಗಿರಲಿಲ್ಲ. ಇಂದಿಗೂ ಅವಳು ಪಡಸಾಲೆಯಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದಾಳೆ. ಇದು ಹುಚ್ಚೆಂದು ತಿಳಿದೂ ನಾನು ಅದನ್ನು ಕೆಡಿಸಿಕೊಂಡಿಲ್ಲ, ಯಾರಿಗೂ ಹೇಳಿಲ್ಲ.

ಆ ದಿನ ನೀನು ಕರೆದಾಗ ನನ್ನ ಕಿವಿಯಲ್ಲಿದ್ದ ಫೋನಿನ ಆ ಕಡೆ ಯಾರೂ ಇರಲಿಲ್ಲ. ವಾಹನದವನು ಆಗಲೇ ಮಾತು ಮುಗಿಸಿದ್ದ. ಒಳಗೆ ಬಂದು ನೀರು ಬಿಡಬೇಕಾದರೆ ಮುಖ ನೋಡಬೇಕು, ನೋಡಿದರೆ ಇವರೂ ಹೋದಂತೆಯೇ ಎಂದು ಬಾಗಿಲಲ್ಲಿ ನಿಂತೆ. ಉತ್ತರಕ್ರಿಯೆಯ ದಿನವೂ ಅಲ್ಲಿ ಹೊರಗೆ ಕುರ್ಚಿ ಜೋಡಿಸುತ್ತಾ ಉಳಿದೆ.

ಈ ಸಲ ಅದು ನಡೆಯುತ್ತಿಲ್ಲ, ಅಕ್ಕು. ಅತ್ತೆ ಹೋಗಿದ್ದಾರೆ.

ಬರುವ ಭಾನುವಾರ ಬೆಳಿಗ್ಗೆ ಡೊಂಬಿವಲಿಗೆ ಬರುತ್ತೇನೆ. ರತ್ನಾವತಿಯ ಮನೆಯಲ್ಲಿ ಹಾರ ಹಾಕಿಟ್ಟಿರುವ ಅವರ ಫೋಟೊವನ್ನು ನಾನಿನ್ನೂ ನೋಡಿಲ್ಲ. ಒಳಗೆ ಬಂದು ನೋಡುತ್ತೇನೆ. ಆಗ ನೀನು ನನ್ನ ಪಕ್ಕದಲ್ಲಿ ನಿಂತುಕೊ. ಆಮೇಲೆ ನಮ್ಮ ಮನೆಗೆ ಬರುವುದೋ ಬೇಡವೋ, ನಿನ್ನ ಇಷ್ಟ.